ಚಿಕ್ಕಬಳ್ಳಾಪುರದಲ್ಲಿ ತತ್ತ್ವಶಾಸ್ತ್ರ ಮತ್ತು ವಿಜ್ಞಾನ ಕಥೆಗಳ ಕೂಟ: ಶುರು ಮಾಡೋದು ಹೇಗೆ, ನಿಲ್ಲದಂತೆ ನೋಡಿಕೊಳ್ಳೋದು ಹೇಗೆ?

ಪ್ರಶ್ನೆ: ಸ್ಕಂದಗಿರಿ ಓದುಗ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಊರಲ್ಲೇ ತಿಂಗಳಿಗೊಮ್ಮೆ ಸೇರುವ ಒಂದು ಸಣ್ಣ ಕೂಟ ಕಟ್ಟಬೇಕು ಅಂತ ಐದು ಜನ ಸೇರಿ ತೀರ್ಮಾನ ಮಾಡಿದ್ದೇವೆ. ವಿಷಯ ತತ್ತ್ವಶಾಸ್ತ್ರ ಮತ್ತು ವಿಜ್ಞಾನ ಕಥೆ. ಓದಿ ಚರ್ಚೆ ಮಾಡಿ ಎದ್ದು ಹೋಗೋದಲ್ಲ, ಬಂದವರು ಬರೆಯಲೂ ಬೇಕು. ಬರೆದದ್ದು ವರ್ಷಕ್ಕೆ ಎರಡು ಸಲವಾದರೂ ಪುಸ್ತಿಕೆಯಾಗಿ ಕೈಗೆ ಬರಬೇಕು.

ಈ ಹುಚ್ಚು ಇರೋರು ಜಿಲ್ಲೆಯಲ್ಲಿ ಇಲ್ಲ ಅಂತಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಘಟಕ ನೋಡಿಕೊಳ್ಳೋರು ಇದ್ದಾರೆ, ಭೌತಶಾಸ್ತ್ರ ಪಾಠ ಮಾಡೋರು ಇದ್ದಾರೆ, ದಿನಾ ಬೆಂಗಳೂರಿಗೆ ಹೋಗಿ ಬರೋರು ಇದ್ದಾರೆ. ಆದರೆ ಒಬ್ಬರಿಗೆ ಇನ್ನೊಬ್ಬರು ಗೊತ್ತಿಲ್ಲ. "ಯಂತ್ರಕ್ಕೆ ಪ್ರಜ್ಞೆ ಬಂದರೆ ಅದನ್ನ ಆಫ್ ಮಾಡೋದು ಪಾಪವಾ?" ಅಂತ ಮನೆಯಲ್ಲಿ ಮಾತು ತೆಗೆದರೆ ಊಟಕ್ಕೆ ಏಳು ಅಂತಾರೆ. ಬೆಂಗಳೂರಿನ ಕೂಟಗಳಿಗೆ ಹೋದರೆ ಭಾನುವಾರ ಪೂರ್ತಿ ಬಸ್ಸಿಗೇ ಸರಿ, ಮಾತುಕತೆಯೂ ಹೆಚ್ಚಾಗಿ ಇಂಗ್ಲಿಷಿನಲ್ಲೇ.

ಅನುಭವ ಇರೋರು ಮೂರು ವಿಷಯ ಬಿಡಿಸಿ ಹೇಳಿ. ಎರಡು ಗಂಟೆಯನ್ನ ಹೇಗೆ ಹಂಚಬೇಕು? ಚರ್ಚೆ ಜಗಳವಾಗದ ಹಾಗೆ, ಪ್ರವಚನವೂ ಆಗದ ಹಾಗೆ ಏನು ಕಟ್ಟುಪಾಡು ಬೇಕು? ಮತ್ತೆ, ಇದುವರೆಗೆ ಕಥೆ ಬರೆಯದವರ ಕೈಯಲ್ಲಿ ವಿಜ್ಞಾನ ಕಥೆ ಬರೆಸೋದು ಹೇಗೆ?

---

ಉತ್ತರ 1: ಪೂರ್ವಪಕ್ಷ

ಒಂದೇ ಆಸಕ್ತಿ ಇರೋ ಹತ್ತು ಜನರನ್ನ ಒಂದು ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ "ಇವರು ನಮ್ಮವರು" ಅನ್ನೋ ಭಾವನೆ ಬರಲ್ಲ ಸರ್. ನಾನು ಹೋಗದಿದ್ದರೆ ಇವತ್ತಿನ ಕೆಲಸ ಅರ್ಧಕ್ಕೆ ನಿಲ್ಲುತ್ತೆ ಅನ್ನಿಸಿದಾಗ ಬರುತ್ತೆ. ಹಾಗಾಗಿ ಬರುವ ಪ್ರತಿಯೊಬ್ಬರ ಕೈಗೂ ಒಂದು ಕೆಲಸ ಕೊಡಿ. ಓದುವವರು ಒಬ್ಬರು, ಹೊತ್ತು ನೋಡುವವರು ಒಬ್ಬರು, ಬೋರ್ಡಿನ ಮೇಲೆ ವಾದಗಳನ್ನ ಬರೆಯುವವರು ಒಬ್ಬರು, ಹೊಸಬರ ಪಕ್ಕ ಕೂರುವವರು ಒಬ್ಬರು. ಪ್ರತಿ ತಿಂಗಳೂ ಇದು ಕೈ ಬದಲಾಗಬೇಕು. ಒಬ್ಬರೇ ವರ್ಷಗಟ್ಟಲೆ ನಡೆಸಿದರೆ ಉಳಿದವರು ಸಭಿಕರಾಗಿಬಿಡುತ್ತಾರೆ. ನಡೆಸುವವರಿಗೆ ಬೇಸರ ಬಂದ ದಿನ ಕೂಟವೂ ಮುಗಿಯುತ್ತೆ.

ಎಂಟರಿಂದ ಹನ್ನೆರಡು ಜನ ಸರಿಯಾದ ಅಳತೆ. ಐದಕ್ಕಿಂತ ಕಡಿಮೆಯಾದರೆ ಇಬ್ಬರೇ ಮಾತಾಡುತ್ತಾರೆ. ಹದಿನಾಲ್ಕು ದಾಟಿದರೆ ಎರಡು ಸುತ್ತು ಮಾಡಿ. ದಿನಾಂಕವನ್ನ ಪ್ರತಿ ಸಲ ಫೋನ್ ಮಾಡಿ ಹೊಂದಿಸಲು ಹೋಗಬೇಡಿ. "ಎರಡನೇ ಭಾನುವಾರ" ಅಂತ ಒಮ್ಮೆ ಗಟ್ಟಿ ಮಾಡಿ. ಹಬ್ಬ ಬಂದರೂ ಮೂರು ಜನ ಸೇರಿ ನಡೆಸಿ. ಒಂದು ತಿಂಗಳು ತಪ್ಪಿತು ಅಂದರೆ ಮುಂದಿನ ತಿಂಗಳು "ಇದೆಯೋ ಇಲ್ಲವೋ" ಅನ್ನೋ ಅನುಮಾನ ಶುರುವಾಗುತ್ತೆ, ಅಲ್ಲಿಂದ ಜನ ಕರಗುತ್ತಾರೆ.

ಎರಡು ಗಂಟೆಯ ಲೆಕ್ಕ ಹೀಗಿರಲಿ. ಮೊದಲ ಹತ್ತು ನಿಮಿಷ ಇಬ್ಬಿಬ್ಬರು ಜೊತೆಯಾಗಿ ಆವತ್ತಿನ ಪ್ರಶ್ನೆ ಮಾತಾಡಲಿ. ಒಬ್ಬರ ಮುಂದೆ ಬಾಯಿ ಬಿಟ್ಟವರು ಹತ್ತು ಜನರ ಮುಂದೆಯೂ ಬಿಡುತ್ತಾರೆ. ಈ ಹತ್ತು ನಿಮಿಷ ತೆಗೆದರೆ ಸಂಕೋಚದವರು ಇಡೀ ದಿನ ಸುಮ್ಮನೆ ಕೂತು ಹೋಗುತ್ತಾರೆ. ಆಮೇಲೆ ಹದಿನೈದು ನಿಮಿಷ ಗಟ್ಟಿಯಾಗಿ ಓದು. ಮನೆಯಲ್ಲಿ ಓದಿಕೊಂಡು ಬನ್ನಿ ಅಂದರೆ ಅರ್ಧ ಜನ ಓದಿರಲ್ಲ, ಓದದವರು ನಾಚಿಕೆಯಿಂದ ಬರೋದನ್ನೇ ಬಿಡುತ್ತಾರೆ. ನಿಧಾನವಾಗಿ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ 90ರಿಂದ 100 ಪದ, ಅಂದರೆ ಪಠ್ಯ 1,400 ಪದ ಮೀರಬಾರದು. ನಲವತ್ತೈದು ನಿಮಿಷ ಚರ್ಚೆ, ಹದಿನೈದು ನಿಮಿಷ ಟೀ, ಉಳಿದ ಮೂವತ್ತೈದು ನಿಮಿಷ ಕೂಟದವರೇ ಬರೆದ ಎರಡು ಹಸ್ತಪ್ರತಿಗೆ. ಟೀಯನ್ನ ಕೊನೆಗೆ ಇಡಬೇಡಿ, ನಡುವೆ ಇರಲಿ. ಕೊನೆಗೆ ಇಟ್ಟರೆ ಬಸ್ಸಿನ ನೆಪದಲ್ಲಿ ಎದ್ದು ಹೋಗುತ್ತಾರೆ. ಪರಿಚಯ ಬೆಳೆಯೋದು ಆ ಹದಿನೈದು ನಿಮಿಷದಲ್ಲೇ.

ಚರ್ಚೆಗೆ ಒಂದು ದಿನಕ್ಕೆ ಒಂದೇ ಪ್ರಶ್ನೆ. "ಆತ್ಮ", "ಕಾಲ" ಅಂತ ವಿಷಯ ಕೊಟ್ಟರೆ ಅದು ಪ್ರವಚನವಾಗದೆ ಬೇರೆ ದಾರಿಯೇ ಇಲ್ಲ. ಒಂದು ಸನ್ನಿವೇಶ ಕೊಡಿ. ಹಳೆಯ ಬೌದ್ಧ ಗ್ರಂಥವೊಂದರಲ್ಲಿ ಮಿಲಿಂದ ರಾಜ ತಾನು ರಥದಲ್ಲಿ ಬಂದೆ ಅಂದಾಗ ಭಿಕ್ಷು ನಾಗಸೇನ ಕೇಳುತ್ತಾನಲ್ಲ, ಮೂಕಿ ರಥವಾ, ಅಚ್ಚು ರಥವಾ, ಗಾಲಿ ರಥವಾ ಅಂತ. ಅದನ್ನೇ ಮುಂದುವರಿಸಿ: ಒಬ್ಬ ಮನುಷ್ಯನ ಮೆದುಳಿನ ಕೋಶಗಳನ್ನ ಒಂದೊಂದಾಗಿ ಯಂತ್ರದ ಬಿಡಿಭಾಗಕ್ಕೆ ಬದಲಿಸುತ್ತಾ ಹೋದರೆ ಎಷ್ಟನೇ ಭಾಗಕ್ಕೆ ಅವನು ಬೇರೆಯವನಾಗುತ್ತಾನೆ? ಬೌದ್ಧರ ಹಳೆಯ ಪ್ರಶ್ನೆ ಅಲ್ಲೇ ವಿಜ್ಞಾನ ಕಥೆಯಾಯಿತು. ತತ್ತ್ವಜ್ಞ ಜಾನ್ ಸರ್ಲ್ 1980ರಲ್ಲಿ ಮುಂದಿಟ್ಟ ಚೀನೀ ಕೋಣೆ (ಚೀನೀ ಬಾರದವನು ಬರೀ ನಿಯಮ ನೋಡಿ ಚೀನೀ ಉತ್ತರ ಬರೆದರೆ ಅವನಿಗೆ ಅರ್ಥವಾಗಿದೆಯಾ?), ರಾಬರ್ಟ್ ನೋಜಿಕ್ 1974ರಲ್ಲಿ ಬರೆದ ಅನುಭವದ ಯಂತ್ರ (ಬೇಕಾದ ಅನುಭವವನ್ನೆಲ್ಲ ಕೊಡುವ ಯಂತ್ರಕ್ಕೆ ನಿಮ್ಮನ್ನ ಜೋಡಿಸಿಕೊಳ್ಳುತ್ತೀರಾ?), ಇವೂ ಹೀಗೇ ಐದು ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ಸನ್ನಿವೇಶಗಳು. ಮೊದಲ ನಾಲ್ಕೈದು ತಿಂಗಳಿಗೆ ಇಷ್ಟು ಸಾಕು.

ಇನ್ನು ಕಟ್ಟುಪಾಡು. ಇದಕ್ಕೆ ಹೊರಗಡೆ ಎಲ್ಲೂ ಹುಡುಕಬೇಕಾಗಿಲ್ಲ, ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲೇ ಇದೆ. ಎದುರಿನವರ ಮಾತನ್ನ ವಿರೋಧಿಸುವ ಮೊದಲು ಅದನ್ನ ನೀವೇ ಹೇಳಿ ತೋರಿಸಬೇಕು. ಅವರು "ಹೌದು, ನಾನು ಹೇಳಿದ್ದು ಇದೇ" ಅನ್ನಬೇಕು. ಆಮೇಲೆ ನಿಮ್ಮ ಆಕ್ಷೇಪ. ಇದೊಂದು ನಿಯಮ ಗಟ್ಟಿಯಾಗಿ ಹಿಡಿದರೆ ಜಗಳದ ಮುಕ್ಕಾಲು ಪಾಲು ಹುಟ್ಟೋದೇ ಇಲ್ಲ. ನೈಯಾಯಿಕರು ಮಾತಿನಲ್ಲಿ ಮೂರು ಬಗೆ ಗುರುತಿಸಿದ್ದಾರೆ: ನಿಜ ತಿಳಿಯಲು ಆಡೋದು ವಾದ, ಗೆಲ್ಲಲು ಆಡೋದು ಜಲ್ಪ, ತನ್ನದೇನನ್ನೂ ಮುಂದಿಡದೆ ಎದುರಿನವರದ್ದನ್ನ ಒಡೆಯೋದಷ್ಟೇ ವಿತಂಡ. ಯಾರಾದರೂ ವಿತಂಡಕ್ಕೆ ಇಳಿದರೆ ನಡೆಸುವವರು ಕೇಳಬೇಕಾದ್ದು ಒಂದೇ ಪ್ರಶ್ನೆ, "ಸರಿ, ಈಗ ನಿಮ್ಮ ಪಕ್ಷ ಏನು ಹೇಳಿ." ಉತ್ತರ ಬರುವವರೆಗೆ ಮುಂದಿನವರಿಗೆ ಮಾತು ಕೊಡಬೇಡಿ.

"ಶಂಕರರು ಹೇಳಿದ್ದಾರೆ", "ಐನ್‌ಸ್ಟೈನ್ ಹೇಳಿದ್ದಾರೆ" ಅನ್ನೋದನ್ನ ಕಾರಣ ಅಂತ ಒಪ್ಪಬೇಡಿ. ಯಾಕೆ ಹೇಳಿದರು ಅನ್ನೋದನ್ನ ತಮ್ಮ ಮಾತಿನಲ್ಲಿ ಹೇಳಲಿ. ಕಾರಣವನ್ನ ಪರೀಕ್ಷೆ ಮಾಡೋದು ಹೇಗೆ ಅನ್ನೋದಕ್ಕೆ ಒಂದು ಉದಾಹರಣೆ. ಒಬ್ಬರು ಅಂತಾರೆ: ಈ ಯಂತ್ರಕ್ಕೆ ನೋವಾಗುತ್ತೆ. ಅದು ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು. ಯಾಕೆ? ಮುಟ್ಟಿದರೆ ಹಿಂದೆ ಸರಿಯುತ್ತೆ. ಅದು ಹೇತು, ಅಂದರೆ ಕಾರಣ. ಉದಾಹರಣೆ ಕೊಡಿ ಅಂದರೆ, ಬಿಸಿ ತಗುಲಿದ ಮಗು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಲ್ಲ ಅಂತಾರೆ. ಆಗ ಇನ್ನೊಬ್ಬರು ಕೇಳಬೇಕು, ಮುಟ್ಟಿದರೆ ಮುನಿ ಗಿಡವೂ ಎಲೆ ಮಡಚುತ್ತೆ, ಅದಕ್ಕೂ ನೋವಿದೆ ಅಂತ ಒಪ್ಪುತ್ತೀರಾ? ಒಪ್ಪಿದರೆ ಒಂದು ದಾರಿ, ಒಪ್ಪದಿದ್ದರೆ ಹೇತು ಕೆಟ್ಟಿತು, ಯಾಕೆಂದರೆ ನೋವಿಲ್ಲದ ಕಡೆಯೂ ಅದೇ ಲಕ್ಷಣ ಸಿಕ್ಕಿತು. ಸವ್ಯಭಿಚಾರ ಅನ್ನೋ ದೋಷ ಇದೇ. ಬೋರ್ಡಿನ ಮೇಲೆ ಪ್ರತಿಜ್ಞೆ, ಹೇತು, ಉದಾಹರಣೆ ಅಂತ ಮೂರು ಅಂಕಣ ಎಳೆದು ಬರೆಯುತ್ತಾ ಹೋಗಿ. ತಪ್ಪು ಇರೋದು ಬೋರ್ಡಿನ ಮೇಲೆ, ಮನುಷ್ಯನಲ್ಲಿ ಅಲ್ಲ ಅನ್ನೋದು ಎಲ್ಲರಿಗೂ ಕಣ್ಣಿಗೆ ಕಾಣುತ್ತೆ.

ಒಬ್ಬರಿಗೆ ಒಂದು ಸಲಕ್ಕೆ ಎರಡು ನಿಮಿಷ. ವೇದಿಕೆ ಬೇಡ, ಮೈಕ್ ಬೇಡ, ಮುಖ್ಯ ಅತಿಥಿ ಬೇಡ, ಶಾಲು ಹಾರ ಬೇಡವೇ ಬೇಡ. ಒಮ್ಮೆ ಸನ್ಮಾನ ಶುರುವಾದರೆ ಮುಂದಿನ ಸಲ ಯಾರಿಗೆ ಅನ್ನೋದೇ ಕೂಟದ ವಿಷಯವಾಗುತ್ತೆ.

---

ಉತ್ತರ 2: ಗುಡಿಬಂಡೆ ಪುಸ್ತಕದಮನೆ

ಮೇಲಿನವರು ಚರ್ಚೆಯ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಜಾಗ, ಹೊತ್ತು, ದುಡ್ಡಿನ ಬಗ್ಗೆ ಮಾತ್ರ ಹೇಳ್ತೀನಿ, ಯಾಕೆಂದರೆ ಹೆಣ್ಣುಮಕ್ಕಳು ಉಳಿಯೋದೂ ಬಿಡೋದೂ ಇದರ ಮೇಲೇ.

ಯಾರ ಮನೆಯಲ್ಲೂ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಇಟ್ಟರೆ ಆ ಮನೆಯ ಹೆಂಗಸು ಎರಡು ಗಂಟೆ ಅಡುಗೆಮನೆಯಲ್ಲೇ ಇರುತ್ತಾರೆ, ಅವರಿಗೆ ಪ್ರಜ್ಞೆಯ ಬಗ್ಗೆ ಎಷ್ಟೇ ಹೇಳೋದಿದ್ದರೂ. ಗೊತ್ತಿಲ್ಲದ ಮನೆಗೆ ಕಾಲೇಜು ಹುಡುಗಿಯನ್ನ ಯಾರೂ ಕಳಿಸೋದೂ ಇಲ್ಲ. ಶಾಲೆಯ ಒಂದು ತರಗತಿ ಕೋಣೆ ಎಲ್ಲಕ್ಕಿಂತ ಒಳ್ಳೆಯದು: ಬೋರ್ಡ್ ಇರುತ್ತೆ, ಬೆಂಚುಗಳನ್ನ ಸುತ್ತ ಎಳೆದುಕೊಳ್ಳಬಹುದು, ಊರಿನವರಿಗೆ ಜಾಗ ಗೊತ್ತಿರುತ್ತೆ. ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಕೊಡಿ. ಅದರಲ್ಲಿ ಯಾವ ಭಾನುವಾರ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು, ಎಷ್ಟು ಜನ, ಬೀಗ ಯಾರ ಜವಾಬ್ದಾರಿ ಅನ್ನೋದು ಇರಲಿ. ಪಕ್ಷ, ಜಾತಿ, ಧರ್ಮದ ಕಾರ್ಯಕ್ರಮ ಅಲ್ಲ ಅಂತಲೂ ಬರೆಯಿರಿ, ಅವರ ಮೊದಲ ಭಯ ಅದೇ. ಹೋಗುವಾಗ ಕಸ ಗುಡಿಸಿ, ಬೆಂಚು ಇದ್ದ ಹಾಗೆ ಇಡಿ. ಎರಡನೇ ಸಲ ಕೀಲಿ ಸಿಗೋದು ಇದರಿಂದಲೇ.

ಹೊತ್ತು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ. ಸಾಯಂಕಾಲ ಇಟ್ಟರೆ ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆಯಿಂದ ಬರುವವರು ಐದೂವರೆಗೇ ಗಡಿಯಾರ ನೋಡಲು ಶುರು ಮಾಡುತ್ತಾರೆ. ಹೂವು, ತರಕಾರಿ ಬೆಳೆಯೋರಿಗೂ ಬೆಳಗಿನ ಮಾರುಕಟ್ಟೆ ಕೆಲಸ ಅಷ್ಟೊತ್ತಿಗೆ ಮುಗಿದಿರುತ್ತೆ.

ತಲೆಗೆ 20 ರೂಪಾಯಿ ಟೀ ಮತ್ತು ಜೆರಾಕ್ಸಿಗೆ. ವಿದ್ಯಾರ್ಥಿಗಳಿಗೆ ಬೇಡ. ಲೆಕ್ಕದ ಪುಸ್ತಕ ಮೇಜಿನ ಮೇಲೆ ತೆರೆದೇ ಇರಲಿ, ಯಾರು ಬೇಕಾದರೂ ನೋಡಲಿ. ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಇಡಿ, ತಿಂಗಳಿಗೆ ಎರಡೇ ಸಂದೇಶ: ಒಂದು ವಾರ ಮುಂಚೆ ಪ್ರಶ್ನೆ, ಹಿಂದಿನ ದಿನ ಜ್ಞಾಪನೆ. ಶುಭೋದಯ ಮತ್ತು ಫಾರ್ವರ್ಡುಗಳಿಗೆ ಬಿಟ್ಟರೆ ಚುನಾವಣೆ ಬರೋ ಹೊತ್ತಿಗೆ ಗುಂಪು ಒಡೆಯುತ್ತೆ, ಗುಂಪಿನ ಜೊತೆ ಕೂಟವೂ.

ಹೊಸಬರು ಮೊದಲ ಸಲ ಕುತೂಹಲಕ್ಕೆ ಬರುತ್ತಾರೆ. ಎರಡನೇ ಸಲ ಬರೋದು, ಹೋದ ಸಲ ತಾವಾಡಿದ ಮಾತು ಯಾರಿಗಾದರೂ ನೆನಪಿದೆ ಅಂತ ಗೊತ್ತಾದರೆ. ಪಕ್ಕದಲ್ಲಿ ಕೂತವರು ಅವರು ಹೇಳಿದ ಒಂದು ಮಾತನ್ನ ಬರೆದಿಟ್ಟುಕೊಂಡು ಮುಂದಿನ ತಿಂಗಳು ಅಲ್ಲಿಂದಲೇ ಮಾತು ಶುರು ಮಾಡಲಿ.

---

ಉತ್ತರ 3: ಡೈಪೋಲ್ 34.5

ಮೂರನೇ ಪ್ರಶ್ನೆಗೆ ಬರುತ್ತೇನೆ. ಬರೆಯದವರ ಕೈಯಲ್ಲಿ ವಿಜ್ಞಾನ ಕಥೆ ಬರೆಸಬೇಕಾದರೆ ಅವರನ್ನ ಬಾಹ್ಯಾಕಾಶಕ್ಕೆ ಕಳಿಸಬೇಡಿ. ಅಮೆರಿಕದ ಹೆಸರಿನ ಕ್ಯಾಪ್ಟನ್, ಹೊಳೆಯುವ ನೌಕೆ, ಕೊನೆಗೆ "ಎಚ್ಚರವಾಯಿತು, ಅದು ಕನಸಾಗಿತ್ತು". ಮೊದಲ ಸಲ ಬರೆಯುವವರು ಹತ್ತರಲ್ಲಿ ಎಂಟು ಜನ ಇದನ್ನೇ ಬರೆಯುತ್ತಾರೆ, ಯಾಕೆಂದರೆ ನೋಡಿರೋದು ಅದನ್ನೇ. ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಇರುವ ವಸ್ತುವನ್ನ ಕೈಗೆ ಕೊಡಿ.

ಗೌರಿಬಿದನೂರಿನ ಹತ್ತಿರ ರೇಡಿಯೋ ದೂರದರ್ಶಕ ಕೇಂದ್ರ ಇದೆ. ಅಲ್ಲಿ 1970ರ ದಶಕದಲ್ಲಿ ಕಟ್ಟಿದ ದೂರದರ್ಶಕಕ್ಕೆ ಕನ್ನಡಿಯಿಲ್ಲ, ಗುಮ್ಮಟವಿಲ್ಲ. ಬಯಲಿನಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾಲಾಗಿ ನಿಲ್ಲಿಸಿದ, ರೇಡಿಯೋ ಅಲೆ ಹಿಡಿಯುವ ಆಂಟೆನಾಗಳಾದ 1,000 ಡೈಪೋಲ್‌ಗಳು. ಅದು ಕೇಳುತ್ತಿದ್ದ ಅಲೆ 34.5 ಮೆಗಾಹರ್ಟ್ಸ್, ಅಂದರೆ ಒಂದೊಂದು ಅಲೆಯ ಉದ್ದ ಸುಮಾರು 8.7 ಮೀಟರ್. ಅದೇ ಗೌರಿಬಿದನೂರಿನಲ್ಲಿ, ದೂರದ ದೇಶಗಳು ನೆಲದಡಿಯಲ್ಲಿ ಮಾಡುವ ಅಣುಸ್ಫೋಟಗಳ ಕಂಪನ ಹಿಡಿಯಲು 1965ರಲ್ಲಿ ಭೂಕಂಪಮಾಪಕಗಳ ಜಾಲ ಹಾಕಿದರು. ಅದೇ 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಸಾಕಾ ಸಿಟಿ ಮತ್ತು ಡರಹಂ ವಿಶ್ವವಿದ್ಯಾಲಯಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನೋ ಅತಿಸೂಕ್ಷ್ಮ ಕಣಗಳ ಗುರುತು ಹಿಡಿದರು. ಅಷ್ಟು ಆಳ ಯಾಕೆ ಅಂದರೆ ಆಕಾಶದಿಂದ ಸುರಿಯುವ ಬೇರೆ ಕಣಗಳನ್ನ ಮೇಲಿನ ಬಂಡೆ ಬಹುಮಟ್ಟಿಗೆ ತಡೆಯುತ್ತೆ, ನ್ಯೂಟ್ರಿನೋ ಸಲೀಸಾಗಿ ದಾಟಿ ಬರುತ್ತೆ. ಒಂದು ಊರು ಆಕಾಶವನ್ನೂ ನೆಲವನ್ನೂ ಆಲಿಸುತ್ತೆ, ಪಕ್ಕದ ಜಿಲ್ಲೆಯ ಊರು ಪಾತಾಳದಲ್ಲಿ ನಿಂತು ಮೇಲಿನದನ್ನ ಹಿಡಿಯುತ್ತಿತ್ತು. ಇದಕ್ಕಿಂತ ಹೆಚ್ಚಿನ ಕಥಾವಸ್ತು ಬೇಕಾ?

ನೀರನ್ನ ತೆಗೆದುಕೊಳ್ಳಿ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಬಳಸಿದ ನೀರನ್ನ ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಪಂಪು ಮಾಡುತ್ತಾರೆ, ಅಂತರ್ಜಲ ಏರಲಿ ಅಂತ. ಮೂರನೇ ಹಂತವೂ ಆಗಬೇಕು ಅನ್ನೋದು ಇಲ್ಲಿನವರ ಬೇಡಿಕೆ. ಇನ್ನೊಂದು ಕಡೆ, ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಅನ್ನೋದು ಮಿತಿ. ಈಗ ಒಂದೇ ಒಂದು ಸಂಗತಿ ಬದಲಿಸಿ: 2080ರಲ್ಲಿ ಮಹಾನಗರವೇ ಖಾಲಿಯಾಗಿ ಕೊಳಚೆ ನೀರು ಬರೋದೂ ನಿಂತರೆ? ಮೂರು ತಲೆಮಾರು ಆ ನೀರನ್ನೇ ನಂಬಿದ ಕೆರೆಯ ನೀರುಗಂಟಿ ಏನು ಮಾಡುತ್ತಾನೆ?

ರೇಷ್ಮೆ ಇನ್ನೂ ಹತ್ತಿರದ್ದು. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಒಂದು ಕಿಲೋಮೀಟರಿನಷ್ಟು ಉದ್ದದ, ಎಲ್ಲೂ ಕಡಿಯದ ಒಂದೇ ಎಳೆ. ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬಂದರೆ ಎಳೆ ತುಂಡಾಗುತ್ತೆ, ಹಾಗಾಗಿ ಅಷ್ಟರೊಳಗೆ ಒಳಗಿನ ಕೋಶಾವಸ್ಥೆಯ ಹುಳುವನ್ನ ಶಾಖ ಕೊಟ್ಟು ಕೊಲ್ಲಬೇಕು. ಶಿಡ್ಲಘಟ್ಟದ ರೀಲರಿಗೆ ಇದು ದಿನದ ಕೆಲಸ. ಆ ಹುಳುವಿಗೆ ಎಷ್ಟು ಅರಿವಿದೆ ಅನ್ನೋದನ್ನ ಅಳೆಯುವ ಒಂದು ಮೀಟರ್ ಮಾರುಕಟ್ಟೆಗೆ ಬಂದರೆ, ಗೂಡಿನ ಹರಾಜಿನಲ್ಲಿ ಆ ಅಂಕಿಯನ್ನೂ ಹೇಳಬೇಕು ಅಂತ ಕಾನೂನಾದರೆ? ನಿಮ್ಮ ಕೂಟದ ರೀಲಿಂಗ್‌ನವರು ಇದನ್ನ ಬರೆಯಲಿ. ಕುದಿನೀರಿನ ತೊಟ್ಟಿಯ ಮುಂದೆ ನಿಂತವರಿಗೆ ಗೊತ್ತಿರೋ ವಾಸನೆ ಬೇರೆ ಯಾರೂ ಬರೆಯಲಾರರು.

ವಿಧಾನ ಸರಳ. ಒಂದು ಸಂಗತಿ ಮಾತ್ರ ಬದಲಿಸಬೇಕು, ಎರಡು ಬೇಡ. ಆ ಬದಲಾವಣೆಯಿಂದ ಏನೇನಾಗುತ್ತೆ ಅಂತ ಹತ್ತು ಪರಿಣಾಮ ಪಟ್ಟಿ ಮಾಡಿ, ಮೊದಲ ಮೂರನ್ನ ಹೊಡೆದುಹಾಕಿ. ಅವು ಎಲ್ಲರಿಗೂ ಹೊಳೆಯುವಂಥವು. ಉಳಿದದ್ದರಲ್ಲಿ ಒಂದನ್ನ ಹಿಡಿದು, ಅದರಿಂದ ಕೆಲಸ ಕಷ್ಟವಾಗುವ ಒಬ್ಬ ಮನುಷ್ಯನನ್ನ ಆರಿಸಿ: ಲೈನ್‌ಮನ್, ಆಶಾ ಕಾರ್ಯಕರ್ತೆ, ಗೂಡಿನ ಮಾರುಕಟ್ಟೆಯ ಹಮಾಲಿ. ವಿಜ್ಞಾನಿ ನಾಯಕ ಆಗೋದು ಬೇಡ, ಆಗಿಬಿಟ್ಟರೆ ಅವನು ವಿವರಣೆ ಕೊಡಲು ಶುರು ಮಾಡುತ್ತಾನೆ. ಒಂದು ಬೆಳಿಗ್ಗೆಯಿಂದ ಸಂಜೆಯೊಳಗೆ ಕಥೆ ಮುಗಿಯಲಿ. ಮಿತಿ 600 ಪದ.

ಅಂಕಿ ಸರಿಯಿರಬೇಕು, ಯಾಕೆಂದರೆ ಎಷ್ಟೋ ಸಲ ಅಂಕಿಯೇ ಕಥೆಯನ್ನ ಹೆಣೆಯುತ್ತೆ. ಮಂಗಳ ಗ್ರಹ ಹತ್ತಿರ ಇದ್ದಾಗ ಮಾತು ತಲುಪಲು ಸುಮಾರು 3 ನಿಮಿಷ, ದೂರ ಇದ್ದಾಗ 22 ನಿಮಿಷ. ಮಂಚೇನಹಳ್ಳಿಯಲ್ಲಿರುವ ಅಮ್ಮ ಅಲ್ಲಿರುವ ಮಗಳಿಗೆ "ಊಟ ಆಯ್ತಾ?" ಅಂತ ಕೇಳಿದರೆ ಮಂಗಳ ದೂರ ಇದ್ದ ಕಾಲದಲ್ಲಿ ಉತ್ತರ ಬರೋದು ಮುಕ್ಕಾಲು ಗಂಟೆಗೆ. ಅಷ್ಟರಲ್ಲಿ ಅಮ್ಮ ಇನ್ನೂ ನಾಲ್ಕು ಮಾತು ಕೇಳಿರುತ್ತಾಳೆ. ಯಾವ ಉತ್ತರ ಯಾವ ಪ್ರಶ್ನೆಗೆ ಅನ್ನೋ ಗೊಂದಲದಲ್ಲೇ ಒಂದು ಕಥೆ ಇದೆ. ಫೋನಿನಲ್ಲಿ ಮಾತಾಡಿದ ಹಾಗೆ ಬರೆದುಬಿಟ್ಟರೆ ಆ ಕಥೆ ಕೈತಪ್ಪಿತು.

ಹಸ್ತಪ್ರತಿ ನೋಡುವ ದಿನ ಎಲ್ಲರ ಕೈಯಲ್ಲೂ ಜೆರಾಕ್ಸ್ ಪ್ರತಿ, ಪೆನ್ಸಿಲ್. ಬರೆದವರ ಬದಲು ಬೇರೆಯವರು ಗಟ್ಟಿಯಾಗಿ ಓದಲಿ. ಓದುವವರು ತಡವರಿಸಿದ ಕಡೆ ವಾಕ್ಯ ಕೆಟ್ಟಿದೆ ಅಂತ ಲೆಕ್ಕ. 600 ಪದಕ್ಕೆ ಆರೇಳು ನಿಮಿಷ. ಆಮೇಲೆ ಹತ್ತು ನಿಮಿಷ ಬರೆದವರು ಬಾಯಿ ಬಿಡುವಂತಿಲ್ಲ. ಉಳಿದವರು ಮೊದಲು ಏನಾಯಿತು ಅಂತ ಹೇಳಬೇಕು, ಆಮೇಲೆ ಎಲ್ಲಿ ದಾರಿ ತಪ್ಪಿತು ಅಂತ. "ಚೆನ್ನಾಗಿದೆ" ಮತ್ತು "ನಾನಾಗಿದ್ದರೆ ಹೀಗೆ ಬರೀತಿದ್ದೆ", ಎರಡನ್ನೂ ನಿಷೇಧಿಸಿ. ಮೊದಲನೆಯದರಿಂದ ಉಪಯೋಗವಿಲ್ಲ, ಎರಡನೆಯದು ಕಥೆಯನ್ನ ಕಿತ್ತುಕೊಳ್ಳುತ್ತೆ.

---

ಸ್ಕಂದಗಿರಿ ಓದುಗ

ಮೂವರಿಗೂ ತುಂಬಾ ಧನ್ಯವಾದ. ಇನ್ನೆರಡು ಸಂದೇಹ. ಬಾಗೇಪಲ್ಲಿ ಕಡೆಯವರು ಮನೆಯಲ್ಲಿ ತೆಲುಗು ಆಡುತ್ತಾರೆ, ತತ್ತ್ವದ ಮಾತಿಗೆ ಕನ್ನಡದಲ್ಲಿ ಬಾಯಿ ತಿರುಗಲ್ಲ ಅಂತ ಹಿಂದೇಟು ಹಾಕುತ್ತಾರೆ. ಎರಡನೆಯದು, ಪುಸ್ತಿಕೆ. ಡಿಟಿಪಿ ಅಂಗಡಿಗೆ ಕೊಟ್ಟ ಮಾದರಿ ಪುಟದಲ್ಲಿ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ.

---

ಉತ್ತರ 4: ತಂಬೂರಿ

ತೆಲುಗಿನವರ ವಿಷಯಕ್ಕೆ ಕೈವಾರದ ಕಡೆ ನೋಡಿ ಅಣ್ಣ. ಯೋಗಿ ನಾರೇಯಣ ಯತೀಂದ್ರರು, ನಮ್ಮ ಕೈವಾರ ತಾತಯ್ಯನವರು, ಎರಡೂ ಭಾಷೆಯಲ್ಲಿ ತತ್ತ್ವಪದ ಕಟ್ಟಿದವರು. ಅವರ ಕಾಲಜ್ಞಾನ ಬರಲಿರುವ ಕಾಲದ ಮಾತು. ಅಂದರೆ ತತ್ತ್ವವನ್ನೂ ಭವಿಷ್ಯದ ಕಲ್ಪನೆಯನ್ನೂ ಒಟ್ಟಿಗೆ ಕೂತು ಕೇಳುವ ರೂಢಿ ಈ ಜಿಲ್ಲೆಗೆ ಹೊಸದಲ್ಲ, ಅದೂ ಎರಡು ಭಾಷೆಯಲ್ಲಿ. ಭಜನೆ ಮಂಡಳಿಯಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನ ಉಳಿದವರು ಹಿಡಿಯುತ್ತಾರೆ, ಹಾಡಲು ಬಾರದವರು ತಾಳ ಹಾಕುತ್ತಾರೆ. ಸುಮ್ಮನೆ ಕೂತವರು ಯಾರೂ ಇಲ್ಲ.

ಹೀಗೆ ಮಾಡಿ. ಮೊದಲ ಹತ್ತು ನಿಮಿಷದ ಜೋಡಿ ಮಾತು ಯಾವ ಭಾಷೆಯಲ್ಲಾದರೂ ಇರಲಿ. ದೊಡ್ಡ ಸುತ್ತಿನಲ್ಲಿ ತೆಲುಗಿನಲ್ಲಿ ಹೇಳಿದ್ದನ್ನ ಜೋಡಿಯವರು ಕನ್ನಡದಲ್ಲಿ ಹೇಳಲಿ. ಎದುರಿನವರ ಮಾತನ್ನ ಮೊದಲು ನೀವು ಹೇಳಿ ತೋರಿಸಿ ಅಂತ ಮೇಲೆ ಬಂದ ನಿಯಮಕ್ಕೆ ಇದು ಹೊಂದುತ್ತೆ, ಹೆಚ್ಚಿನ ಹೊತ್ತೂ ಬೇಡ. ಆತ್ಮ, ಪ್ರಮಾಣ, ಅನುಭವ, ಮಾಯೆ, ಈ ಮಾತುಗಳು ಎರಡೂ ಕಡೆ ಒಂದೇ. ಬೋರ್ಡಿನ ಬರಹ ಮಾತ್ರ ಕನ್ನಡದಲ್ಲಿರಲಿ. ಉರ್ದು ಮನೆಮಾತಿನವರಿಗೂ ಇದೇ ಏರ್ಪಾಡು ಆಗುತ್ತೆ.

---

ಉತ್ತರ 5: ಅಚ್ಚುಮೊಳೆ

ಒತ್ತಕ್ಷರ ಕೆಡೋದಕ್ಕೆ ಕಾರಣ ಹೆಚ್ಚಾಗಿ ಎರಡು. ನೀವು ಕೊಟ್ಟದ್ದು ಯೂನಿಕೋಡ್ (ಈಗ ಫೋನು, ಕಂಪ್ಯೂಟರು ಎಲ್ಲ ಬಳಸುವ ಅಕ್ಷರ ಸಂಕೇತ), ಅಂಗಡಿಯಲ್ಲಿರೋದು ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ಜೋಡಿಸಲು ಬರಲ್ಲ. ಅಥವಾ ಅವರು ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿಗೆ ಪರಿವರ್ತಿಸಿದ್ದಾರೆ, ಪರಿವರ್ತಕ ಎಡವಿದೆ. ಪಠ್ಯ ಕೊಡಬೇಡಿ, ಪುಟ ಕಟ್ಟಿ ಪಿಡಿಎಫ್ ಕೊಡಿ, ಫಾಂಟ್ ಒಳಗೇ ಸೇರಿರಲಿ. ಆಗ ಅಂಗಡಿಯವರು ಏನನ್ನೂ ತೆರೆದು ತಿದ್ದಬೇಕಾಗಿಲ್ಲ.

ಪುಟ ಕಟ್ಟಲು ಲಿಬ್ರೆಆಫೀಸ್ ತಂತ್ರಾಂಶ ಸಾಕು, ದುಡ್ಡು ಕೊಡಬೇಕಾಗಿಲ್ಲ. ಒಂದು ಎಚ್ಚರ: ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್ ಮತ್ತು ಅಳತೆ, ಕನ್ನಡದಂಥ ಲಿಪಿಗಳಿಗೆ ಬೇರೆ. ಶೈಲಿಯಲ್ಲಿ ಮೇಲಿನ ಅಂಕಿ ಮಾತ್ರ ಬದಲಿಸಿ "ಕನ್ನಡ ದೊಡ್ಡದಾಗ್ತಿಲ್ಲ" ಅಂತ ಪೇಚಾಡುತ್ತಾರೆ. ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನೋ ಸಾಲಿನಲ್ಲಿ ಬದಲಿಸಬೇಕು. ಇನ್‌ಡಿಸೈನ್ ಬಳಸೋರು ವರ್ಲ್ಡ್ ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತು ಪಕ್ಕಕ್ಕೆ ಬಂದು ಕೂರುತ್ತೆ. ಫಾಂಟಿಗೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ. ಅಕ್ಷರ 11 ಪಾಯಿಂಟ್, ಸಾಲಿನಿಂದ ಸಾಲಿಗೆ 16.5 ಪಾಯಿಂಟ್. ಇಂಗ್ಲಿಷಿನ ಲೆಕ್ಕದಲ್ಲಿ 13 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ.

ಅಚ್ಚಿಗೆ ಮುಂಚೆ ಈ ಪದಗಳನ್ನ ಕಣ್ಣಲ್ಲಿ ಹುಡುಕಿ ನೋಡಿ: ತತ್ತ್ವ, ಪ್ರಜ್ಞೆ, ಸ್ವಾತಂತ್ರ್ಯ, ಅರ್ಥ, ರಾಷ್ಟ್ರ, ಸಾಫ್ಟ್‌ವೇರ್. ತತ್ತ್ವದಲ್ಲಿ ಎರಡು ಒತ್ತೂ ಸ್ಪಷ್ಟವಾಗಿ ಬರಬೇಕು. ಕೆಟ್ಟ ಫಾಂಟಿನಲ್ಲಿ ಎರಡನೆಯದು ಪದದ ಆಚೆ ನೇತಾಡುತ್ತೆ. ಸಾಫ್ಟ್‌ವೇರ್‌ನಲ್ಲಿ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತೆ. ಪರಿವರ್ತನೆಯಲ್ಲಿ ಅದು ಬಿದ್ದುಹೋದರೆ ವೇ ಅನ್ನೋದು ಒತ್ತಾಗಿ ಕೆಳಗೆ ಇಳಿಯುತ್ತೆ. ವಿಜ್ಞಾನ ಕಥೆಗಳಲ್ಲಿ ಇಂಥ ಪದ ಹೆಚ್ಚು, ಹಾಗಾಗಿ ನಿಮಗೆ ಇದು ಕಾಡುತ್ತೆ.

ಆಕಾರ ಎ5, 16 ಪುಟ. ನಾಲ್ಕು ಎ4 ಹಾಳೆ ನಡುವೆ ಮಡಚಿದರೆ ಆಯಿತು. ಮೊದಲ ಹಾಳೆಯ ಹೊರಬದಿಗೆ 16 ಮತ್ತು 1, ಒಳಬದಿಗೆ 2 ಮತ್ತು 15. ಎರಡನೆಯದಕ್ಕೆ 14 ಮತ್ತು 3, ಹಿಂದೆ 4 ಮತ್ತು 13. ಹೀಗೆ ಪ್ರತಿ ಬದಿಯ ಎರಡು ಪುಟ ಕೂಡಿದರೆ 17 ಬರಬೇಕು, ಬರದಿದ್ದರೆ ಎಲ್ಲೋ ತಪ್ಪಿದೆ. ಎರಡೂ ಬದಿ ಮುದ್ರಿಸುವಾಗ ಗಿಡ್ಡ ಅಂಚಿನ ಮೇಲೆ ತಿರುಗಿಸುವ ಆಯ್ಕೆ ಇರಲಿ. ಉದ್ದ ಅಂಚು ಆರಿಸಿದರೆ ಹಿಂಬದಿ ತಲೆಕೆಳಗು. ಒಂದೇ ಪ್ರತಿ ತೆಗೆಸಿ, ಮಡಚಿ, ಪುಟ ತಿರುವಿ ನೋಡಿ, ಆಮೇಲೆ ಉಳಿದದ್ದಕ್ಕೆ ಹೇಳಿ. ಅಂಚು ಎಲ್ಲ ಕಡೆ 15 ಮಿಲಿಮೀಟರ್ ಬಿಡಿ, ಜೆರಾಕ್ಸ್ ಯಂತ್ರ ಹಾಳೆಯ ತುದಿಯವರೆಗೆ ಅಚ್ಚು ಹಾಕಲ್ಲ.

ಈ ಅಳತೆಯಲ್ಲಿ ಪುಟಕ್ಕೆ 180 ಪದದ ಆಸುಪಾಸು. ರಕ್ಷಾಪುಟ, ಪರಿವಿಡಿ ತೆಗೆದರೆ 13 ಪುಟ ಉಳಿಯುತ್ತೆ, ಅಂದರೆ 2,300 ಪದ. ಮೇಲಿನವರು ಹೇಳಿದ 600 ಪದದ ಮಿತಿಯಲ್ಲಿ ಮೂರು ಕಥೆ, ಒಂದು ಚರ್ಚೆಯ ಟಿಪ್ಪಣಿ ಹಿಡಿಸುತ್ತೆ. ನೂರು ಪ್ರತಿಗೆ 400 ಹಾಳೆ, ಒಂದು ರೀಮಿನೊಳಗೆ (500 ಹಾಳೆ) ಮುಗಿಯಿತು. ಒಳಗಿನ ಮೂರು ಹಾಳೆ 75 ಜಿಎಸ್ಎಂ (ಕಾಗದದ ತೂಕದ ಅಳತೆ), ಹೊರಗಿನ ಹಾಳೆ ಮಾತ್ರ 130ರ ದಪ್ಪ ಕಾಗದ. ಹೊಲಿಗೆಗೆ ಮಾಮೂಲಿ ಸ್ಟೇಪ್ಲರ್ ನಡುವಿನವರೆಗೆ ತಲುಪಲ್ಲ, ಅಂಚಿನಿಂದ ನಡುಗೆರೆಗೆ 14.8 ಸೆಂಟಿಮೀಟರ್ ಇದೆ. ಉದ್ದ ತೋಳಿನ ಸ್ಟೇಪ್ಲರ್ ಕೊಳ್ಳಿ, ಇಲ್ಲದಿದ್ದರೆ ದಬ್ಬಳದಿಂದ ಮೂರು ತೂತು ಹಾಕಿ ದಪ್ಪ ನೂಲಿನಲ್ಲಿ ಹೊಲಿಯಿರಿ. ಕಥೆ ಬರೆಯಲು ಇನ್ನೂ ಧೈರ್ಯ ಬರದವರು ಆವತ್ತು ಮಡಚಲು, ಹೊಲಿಯಲು ಕೂರಲಿ. ಹೆಸರುಗಳ ಪುಟದಲ್ಲಿ ಬರೆದವರ ಜೊತೆಗೆ ಅವರ ಹೆಸರೂ ಅದೇ ಅಳತೆಯ ಅಕ್ಷರದಲ್ಲಿ ಬರಲಿ.

---

ಉತ್ತರ 6: ಪೂರ್ವಪಕ್ಷ

ಓದಲು ಜೆರಾಕ್ಸ್ ಹಂಚುವ ವಿಷಯದಲ್ಲಿ ಒಂದು ಮಾತು ಬಿಟ್ಟಿದ್ದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ಜನವರಿ 1ರಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತೆ. ಇಂಗ್ಲೆಂಡಿನ ವಿಜ್ಞಾನ ಕಥೆಗಾರ ಎಚ್. ಜಿ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ, ಅವರ ಇಂಗ್ಲಿಷ್ ಮೂಲ ಈಗ ಮುಕ್ತ. ಬಂಗಾಳದ ಲೇಖಕಿ ಬೇಗಂ ರೊಕೆಯಾ 1932ರಲ್ಲಿ ತೀರಿಕೊಂಡರು. ಹೆಂಗಸರೇ ಆಳುವ, ಸೂರ್ಯನ ಶಾಖದಿಂದ ಅಡುಗೆ ಮಾಡುವ ನಾಡಿನ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಕಥೆ 1905ರಲ್ಲಿ ಮದ್ರಾಸಿನ ಪತ್ರಿಕೆಯಲ್ಲಿ ಬಂತು, ಅದೂ ಮುಕ್ತ. ಆದರೆ ಯಾರೋ ಮಾಡಿದ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇರುತ್ತೆ, ಅದನ್ನ ಕೇಳದೆ ಹಂಚುವಂತಿಲ್ಲ. ಮೂಲವನ್ನೇ ತೆಗೆದುಕೊಂಡು ತಲೆಗೆ 200 ಪದ ಹಂಚಿ ನೀವೇ ಕನ್ನಡಕ್ಕೆ ತನ್ನಿ. ಮೊದಲ ಆರು ತಿಂಗಳಿಗೆ ಅದಕ್ಕಿಂತ ಒಳ್ಳೆಯ ಸಾಮೂಹಿಕ ಕೆಲಸವಿಲ್ಲ.

ಕೂಟದವರ ಸ್ವಂತ ಕಥೆಗೂ ಒಪ್ಪಿಗೆ ಬರಹದಲ್ಲೇ ಇರಲಿ. ಎರಡು ಸಾಲು ಸಾಕು: ಈ ಪುಸ್ತಿಕೆಯಲ್ಲಿ ಒಮ್ಮೆ ಅಚ್ಚು ಹಾಕಲು ಒಪ್ಪಿದ್ದೇನೆ, ಉಳಿದ ಎಲ್ಲ ಹಕ್ಕು ನನ್ನದೇ. ಸಹಿ, ದಿನಾಂಕ. ಆಮೇಲೆ ಅದೇ ಕಥೆಯನ್ನ ಯಾವುದಾದರೂ ಪತ್ರಿಕೆಗೆ ಕಳಿಸುವಾಗ "ಹಿಂದೆ ಇಲ್ಲಿ ಬಂದಿದೆ" ಅಂತ ಮುಂಚೆಯೇ ತಿಳಿಸಬೇಕು ಅನ್ನೋದನ್ನೂ ಹೊಸಬರಿಗೆ ಆವತ್ತೇ ಹೇಳಿಬಿಡಿ. ಅಚ್ಚಾದದ್ದನ್ನ ಕೆಲವು ಸಂಪಾದಕರು ತೆಗೆದುಕೊಳ್ಳಲ್ಲ.